ಮೀಟರ್ ಮಾವನ ಜೀವನಚರಿತ್ರೆ

ಷಡ್ಡಕನ ಮನೆಯಲ್ಲಿ ಊಟಕ್ಕೆ ಕೂತವನು ಬಾಯಿಯನ್ನು ಊಟಕ್ಕೆ ಮಾತ್ರ ಬಳಸಬೇಕು. ಇದು ಅನುಭವಸ್ಥರು ಕಂಡುಕೊಂಡ ಸತ್ಯ. ನಮ್ಮ ಮೀಟರ್ ಮಾವ ಈ ವಿಷಯದಲ್ಲಿ ಸಾಕಷ್ಟು ಅನುಭವಸ್ಥರೇ. ಆದರೂ ಆ ಭಾನುವಾರ ಅವರ ನಾಲಿಗೆ ಜಾರಿತು.

ಮೀಟರ್ ಮಾವ ಎಂದರೆ ನಮ್ಮ ಬಡಾವಣೆಯ ನೀರಿನ ಮೀಟರ್ ಓದುವವರು. ಗೇಟಿನ ಪಕ್ಕದ ಗುಂಡಿಯ ಕಬ್ಬಿಣದ ಮುಚ್ಚಳವನ್ನು ಕೊಕ್ಕೆ ಹಾಕಿ ಎತ್ತಿ, ಒಳಗಿನ ಜಿರಲೆಗಳಿಗೆ ಜಾಗ ಖಾಲಿ ಮಾಡಲು ಸ್ವಲ್ಪ ಹೊತ್ತು ಕೊಟ್ಟು, ಮೀಟರಿನ ಗಾಜು ಒರೆಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅಂಕಿ ಓದುವುದು ಅವರ ಉದ್ಯೋಗ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಮಕ್ಕಳಿಗೂ ಅವರು ಮಾವ, ಮುದುಕರಿಗೂ ಮಾವ. ಒಮ್ಮೆ ಅವರಿಗೆ ಹೆಣ್ಣು ಕೊಟ್ಟ ಸ್ವಂತ ಮಾವನೇ ಬಾಯಿತಪ್ಪಿ “ಬನ್ನಿ ಮಾವ, ಕೂತ್ಕೊಳ್ಳಿ” ಅಂದುಬಿಟ್ಟಿದ್ದರಂತೆ.

ಷಡ್ಡಕರು, ಅಂದರೆ ಮಾವನ ಹೆಂಡತಿಯ ಅಕ್ಕನ ಗಂಡ, ಬ್ಯಾಂಕಿನಲ್ಲಿ ಮ್ಯಾನೇಜರು. ಆ ವಾರ ಅವರ ಬ್ಯಾಂಕಿನ ಪತ್ರಿಕೆಯಲ್ಲಿ ಅವರ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ, ಊಟದ ಮೇಜಿನ ನಡುವೆ, ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದರು. ಉಪ್ಪು ಬೇಕಾದವರು ಲೇಖನವನ್ನು ಎತ್ತಲೇಬೇಕು, ಎತ್ತಿದವರು ಓದಲೇಬೇಕು.

“ಕೈ ಒರೆಸ್ಕೊಂಡು ಮುಟ್ಟಿ,” ಎಂದರು ಅತ್ತಿಗೆ. “ಇಂಥ ಲೇಖನ ಎಲ್ಲರ ಮೇಲೂ ಬರಲ್ಲ.”

ಮಾವ ಕೈ ಒರೆಸಿಕೊಂಡು ಓದಿದರು. ಹೆಂಡತಿಯ ಮುಖ ನೋಡಿದರು. ಆಕೆ ಅಕ್ಕನ ಮನೆಯ ಹೊಸ ಪರದೆಗಳನ್ನು ನೋಡುತ್ತಿದ್ದರು. ಆಗ ಮಾವ ಹೇಳಿದ್ದು ಇಷ್ಟೇ:

“ಚೆನ್ನಾಗಿದೆ ಭಾವ. ಒಂದು ಪುಟ ತುಂಬ ಬಂದಿದೆ. ನನ್ನ ಮೇಲೆ ಒಂದು ಪುಸ್ತಕಾನೇ ಬರ್ತಾ ಇದೆ.”

ಅತ್ತಿಗೆಯ ಕೈಯಲ್ಲಿದ್ದ ಸೌಟು ಷಡ್ಡಕರ ತಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು.

“ಏನು ಬರ್ತಾ ಇದೆ?” ಎಂದರು ಷಡ್ಡಕರು.

“ಪುಸ್ತಕ. ಶಾಲೆಗಳಿಗೆ, ಗ್ರಂಥಾಲಯಗಳಿಗೆಲ್ಲ ಹೋಗುತ್ತಂತೆ.”

“ನಿನ್ನ ಮೇಲೆ?”

“ನನ್ನ ಮೇಲೇ.”

ಓದುಗರು ದಯವಿಟ್ಟು ಮಾವನನ್ನು ಸುಳ್ಳ ಎಂದು ತಿಳಿಯಬಾರದು. ಮಾತು ನಿಜವೇ. ಮಾವನ ಮನೆಯ ಮಹಡಿಯಲ್ಲಿ ಚಿತ್ರ ಬರೆಯುವ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಅವಳ ಪ್ರಕಾಶಕರು ವರ್ಷವರ್ಷವೂ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಎಂದೇ ಹೊಸ ಪುಸ್ತಕ ತರುವವರು: ಪುಟಾಣಿಗಳಿಗೆ ತೆಳ್ಳನೆಯವು, ಮೀಸೆ ಚಿಗುರುವ ವಯಸ್ಸಿನವರಿಗೆ ದಪ್ಪನೆಯವು. ಹಿಂದಿನ ವಾರ ಮಾವ ತೊಟ್ಟಿಯ ಪಂಪು ಹಾಕಿ ಪಕ್ಕದಲ್ಲೇ ನಿಂತಿದ್ದಾಗ ಅವಳು ಇಳಿದು ಬಂದಳು. ಆ ಪಂಪು ಕಲ್ಲು ಅಗಿಯುವ ಹಾಗೆ ಸದ್ದು ಮಾಡುವಂಥದ್ದು. “ಮಾವ, ನಿಮ್ಮನ್ನಿಟ್ಕೊಂಡು ಒಂದು ಪುಸ್ತಕ ಮಾಡ್ತಿದೀನಿ,” ಎಂದಳು. ಆಮೇಲೆ ಅವಳ ತುಟಿ ಬಹಳ ಹೊತ್ತು ಆಡಿತು, ಮಾತನ್ನೆಲ್ಲ ಪಂಪು ನುಂಗಿತು. ಕೊನೆಗೆ “ಶಾಲೆಗಳಿಗೆ, ಗ್ರಂಥಾಲಯಗಳಿಗೆ ಹೋಗುತ್ತೆ. ನೀವು ಒಪ್ಪಿದ್ರೆ ಮಾತ್ರ” ಎಂಬುದು ಕೇಳಿಸಿತು. ಮಾವ ಒಪ್ಪಿದರು. ಇಂಥದ್ದಕ್ಕೆ ಯಾರು ಒಪ್ಪುವುದಿಲ್ಲ?

ಆ ವಾರವೆಲ್ಲ ಅವಳು ಜಗಲಿಯಲ್ಲಿ ಕೂತು, ತೊಡೆಯ ಮೇಲೆ ದಪ್ಪ ಹಾಳೆ ಇಟ್ಟುಕೊಂಡು ಮಾವನನ್ನು ಪ್ರಶ್ನೆ ಕೇಳಿದ್ದಳು. ಚೀಲದಲ್ಲಿ ಏನೇನು ಇಟ್ಕೋತೀರಿ? ಬಿಸಿಲಲ್ಲಿ ಎಲ್ಲಿ ಕೂರ್ತೀರಿ? ನಿಮಗೆ ಭಯ ಅಂದ್ರೆ ಯಾವುದಕ್ಕೆ?

“ಭಯಾನಾ? ನನಗಾ?” ಎಂದು ಮಾವ ನಕ್ಕಿದ್ದರು. ಅಷ್ಟರಲ್ಲಿ ಬೀದಿಯಲ್ಲಿ ಒಂದು ನಾಯಿ ಬೊಗಳಿತು. ಮಾವ ಏಕೋ ಕುರ್ಚಿಯನ್ನು ಎತ್ತಿಕೊಂಡು ಬಾಗಿಲಿನ ಒಳಗೆ ಹಾಕಿಕೊಂಡು, ಅಲ್ಲಿಂದ ಉತ್ತರ ಮುಂದುವರಿಸಿದ್ದರು. ಆಮೇಲೆ ಅವಳು ಅಚ್ಚಿನ ಕೆಲಸ ನೋಡಿಕೊಳ್ಳಲು ಬೇರೆ ಊರಿಗೆ ಹೊರಟುಹೋದಳು. ಹಾಗಾಗಿ ಮುಂದೆ ನಡೆದದ್ದನ್ನು ತಡೆಯಬಲ್ಲ ಒಬ್ಬಳೇ ಒಬ್ಬಳು ಊರಲ್ಲಿರಲಿಲ್ಲ.

ಅಕ್ಕನ ಮನೆಯಿಂದ ಹೊರಟಾಗ ಮಾವನ ಹೆಂಡತಿಯ ನಡಿಗೆಯೇ ಬೇರೆಯಾಗಿತ್ತು. ಸುದ್ದಿ ಹಾಲಿನ ಅಂಗಡಿಗೆ ಹೋದಾಗ ಅದು ಪುಸ್ತಕವಾಗಿತ್ತು. ದರ್ಜಿಯ ಅಂಗಡಿ ದಾಟುವಾಗ ದೊಡ್ಡ ಪುಸ್ತಕವಾಯಿತು. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಮಾವ ಮಕ್ಕಳಿಗೆ ಪಾಠವಾಗಿಬಿಟ್ಟಿದ್ದರು.

ಈ ಗೊಂದಲವನ್ನು ಶಾಸ್ತ್ರೀಯವಾಗಿ ಬಗೆಹರಿಸಿದವರು ನಮ್ಮ ಬೀದಿ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು. ಅವರು ಸಂಘದ ಸಭೆ ಕರೆದು ಹೇಳಿದರು: “ಶಾಲೆಗೆ ಹೋಗೋ ಪುಸ್ತಕದಲ್ಲಿ ಒಬ್ಬ ಮನುಷ್ಯನ ಹೆಸರಿದ್ರೆ ಅದು ಒಂದೋ ಲೆಕ್ಕದ ಪುಸ್ತಕ, ಇಲ್ಲಾ ಮಹಾಪುರುಷರ ಜೀವನಚರಿತ್ರೆ. ಲೆಕ್ಕದ ಪುಸ್ತಕದಲ್ಲಿ ಒಬ್ಬ ಮನುಷ್ಯ ನಾಲ್ಕು ಡಜನ್ ಬಾಳೆಹಣ್ಣು ಕೊಂಡು ಮುಗಿಸ್ತಾನೆ. ಅಷ್ಟಕ್ಕೆ ಯಾರೂ ಒಪ್ಪಿಗೆ ಕೇಳಲ್ಲ. ಆದ್ದರಿಂದ ಇದು ಜೀವನಚರಿತ್ರೆ.”

ಸಭೆ ಚಪ್ಪಾಳೆ ತಟ್ಟಿತು. ಮಾವನೂ ತಟ್ಟಿದರು. ತಮ್ಮ ಪುಸ್ತಕ ಏನೆಂದು ಅವರಿಗೂ ಖಚಿತವಾಗಿ ತಿಳಿದದ್ದು ಆಗಲೇ.

ಮಾರನೆಯ ದಿನದಿಂದ ಜನ ಬರತೊಡಗಿದರು. ಮೊದಲು ಬಂದವನು ಕ್ಷೌರದ ಅಂಗಡಿಯವನು.

“ಮಾವ, ನಿಮ್ಮ ತಲೆ ಇಷ್ಟು ವರ್ಷ ಯಾರ ಕೈಯಲ್ಲಿತ್ತು? ನನ್ನ ಕೈಯಲ್ಲಿ. ಅದು ಪುಸ್ತಕದಲ್ಲಿ ಬರ್ಬೇಕೋ ಬೇಡ್ವೋ ನೀವೇ ಹೇಳಿ.”

“ಬರ್ಬೇಕು, ಬರ್ಬೇಕು. ನೋಡೋಣ, ಜಾಗ ಇದ್ರೆ,” ಎಂದರು ಮಾವ.

ದರ್ಜಿ ಬಂದು, ಮಹಾಪುರುಷರ ಅಂಗಿಗೆ ತಾನೇ ಗುಂಡಿ ಹಾಕಿದ್ದೆಂದು ನೆನಪಿಸಿದ. ಮೇಷ್ಟ್ರು ಬಂದು, ಒಮ್ಮೆ ಮಾವನಿಗೆ ಏಣಿ ಕೊಟ್ಟವರು ತಾವೆಂದೂ, ಮಹಾಪುರುಷರನ್ನು ಮೇಲೆತ್ತಿದ ಏಣಿಗಳನ್ನು ಇತಿಹಾಸ ಮರೆಯಬಾರದೆಂದೂ ಎಚ್ಚರಿಸಿದರು. ಎದುರು ಮನೆಯವರು ಬಂದು ತಮ್ಮ ಮೀಟರಿನ ಗಾಜು ಇಡೀ ಬೀದಿಯಲ್ಲೇ ಶುಭ್ರ ಎಂದು ದಾಖಲಾಗಬೇಕೆಂದರು. ಮಾವ ಎಲ್ಲರಿಗೂ “ನೋಡೋಣ, ಜಾಗ ಇದ್ರೆ” ಎಂದರು. ಹಾಗೆನ್ನುವಾಗ ಕಣ್ಣನ್ನು ಅರ್ಧ ಮುಚ್ಚುವ ಒಂದು ಹೊಸ ಅಭ್ಯಾಸವೂ ಅವರಿಗೆ ಅಂಟಿಕೊಂಡಿತು.

ಹೆಂಡತಿಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚುವುದು ನಡೆಯಲಿಲ್ಲ.

“ರೀ, ನನ್ನ ಬಗ್ಗೆ ಏನು ಬರೆದಿದಾರೆ?”

“ಇರುತ್ತೆ ಬಿಡೇ. ‘ಇವರ ಸಾಧನೆಯ ಹಿಂದೆ ಶ್ರೀಮತಿಯವರು’ ಅಂತ ಒಂದು ಕಡೆ ಬರುತ್ತೆ.”

“ಹಿಂದೆ ಯಾಕೆ? ಪಕ್ಕದಲ್ಲಿ ಬರೋಕೆ ಏನು ದಾಡಿ?”

“ಪುಸ್ತಕದ ಭಾಷೆ ಕಣೇ ಅದು.”

“ಭಾಷೆ ತಿದ್ದೋಕೆ ಹೇಳಿ. ಇಪ್ಪತ್ತು ವರ್ಷದಿಂದ ನಿಮ್ಮ ಕನ್ನಡಕ ಹುಡುಕ್ತಿರೋಳು ನಾನು. ಹಿಂದೆ ನಿಂತು ಹುಡುಕೋಕಾಗುತ್ತಾ?”

ಸುದ್ದಿ ಕಚೇರಿಯನ್ನೂ ಮುಟ್ಟಿತು. ನೀರು ಸರಬರಾಜು ಕಚೇರಿಯ ಇಂಜಿನಿಯರ್ ಸಾಹೇಬರು ಮಾವನನ್ನು ಕರೆಸಿ, “ಕೂತ್ಕೊಳ್ಳಿ” ಎಂದರು. ಆ ಕೋಣೆಯಲ್ಲಿ ಮಾವನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಹೇಗೆ ಕೂರಬೇಕೆಂದು ತಿಳಿಯದೆ ತುದಿಯಲ್ಲಿ ಕೂತರು.

“ಪುಸ್ತಕ ಬರ್ತಿದೆಯಂತೆ. ಸಂತೋಷ. ಅದರಲ್ಲಿ ಕಚೇರಿ ವಿಷಯ ಏನಾದ್ರೂ...?”

“ಬರದೆ ಇರುತ್ತಾ ಸರ್? ಜೀವನ ಅಂದ್ಮೇಲೆ ಕಚೇರಿ ಇರುತ್ತೆ, ಕಚೇರಿ ಅಂದ್ಮೇಲೆ ತಾವಿರ್ತೀರಿ.”

ಸಾಹೇಬರು ನೀರು ಕುಡಿದರು. “ಶಾಲೆ ಮುಂದಿನ ಆ ಪೈಪಿನ ವಿಷಯ ನೀವು ಯಾರಿಗೂ ಹೇಳಿಲ್ಲ ತಾನೆ?”

ಶಾಲೆಯ ಮುಂದಿನ ಪೈಪು ಒಡೆದು ಯಾವ ಕಾಲವಾಗಿತ್ತೋ. ಅದು ಚಿಮ್ಮುತ್ತಿದ್ದ ಜಾಗದಲ್ಲಿ ಹಾವಸೆ ಬೆಳೆದು, ಕಾಗೆಗಳು ದಿನವೂ ಸರತಿಯಲ್ಲಿ ನಿಂತು ಮೀಯುತ್ತಿದ್ದವು. ದಾರಿ ಹೇಳುವವರು “ಪೈಪು ಒಡೆದಿದೆಯಲ್ಲ, ಅಲ್ಲಿ ಎಡಕ್ಕೆ” ಎಂದೇ ಹೇಳುತ್ತಿದ್ದರು. ಮಾವ ಅದರ ಬಗ್ಗೆ ಬಾಯಲ್ಲಿ ಹೇಳಿದ್ದರು, ಬರೆದು ಕೊಟ್ಟಿದ್ದರು, ಕೊನೆಗೆ ಸುಮ್ಮನಾಗಿದ್ದರು.

“ನಾನೇನೂ ಹೇಳಿಲ್ಲ ಸರ್,” ಎಂದರು ಮಾವ ಪ್ರಾಮಾಣಿಕವಾಗಿ. “ಆದ್ರೆ ಆ ಹುಡುಗಿ ಕಣ್ಣಾರೆ ನೋಡಿದಾಳೆ. ಅಲ್ಲೇ ನಿಂತು ಏನೋ ಗೀಚ್ಕೊಳ್ತಾ ಇದ್ಲು.”

ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ಹಾರೆ, ಗುದ್ದಲಿ, ಹೊಸ ಪೈಪು, ಕೆಲಸದವರು, ಮತ್ತು ಎಲ್ಲಕ್ಕಿಂತ ಆಶ್ಚರ್ಯವೆಂದರೆ ಸ್ವತಃ ಸಾಹೇಬರು ಕಾಣಿಸಿಕೊಂಡರು. ಸಂಜೆಗೆ ರಸ್ತೆ ಒಣಗಿತು. ಕಾಗೆಗಳು ಬಂದು ನೋಡಿ, ಬೈದುಕೊಂಡು ಹೋದವು. ಇನ್ನೂ ಅಚ್ಚಾಗದ ಪುಸ್ತಕವೊಂದು ಪೈಪು ರಿಪೇರಿ ಮಾಡಿಸಿತಲ್ಲ ಎಂದು ಬೀದಿ ಮೂಗಿನ ಮೇಲೆ ಬೆರಳಿಟ್ಟಿತು. ಅಚ್ಚಾದ ಮೇಲೆ ಇನ್ನೇನೇನು ಮಾಡಿಸುತ್ತದೋ!

ಷಡ್ಡಕರು ಬುದ್ಧಿವಂತರು. ತಡೆಯಲಾಗದ ಮೆರವಣಿಗೆಯಲ್ಲಿ ಮುಂದೆ ನಿಲ್ಲುವುದೇ ಲೇಸು ಎಂದು ತಿಳಿದವರು. ಅವರೇ ಫೋನ್ ಮಾಡಿದರು.

“ಏನಯ್ಯಾ, ಪುಸ್ತಕ ಬಿಡುಗಡೆ ಅಂತೆ? ಮುಖ್ಯ ಭಾಷಣ ಯಾರು ಮಾಡ್ತಿದಾರೆ?”

“ಇನ್ನೂ ಗೊತ್ತಾಗಿಲ್ಲ ಭಾವ.”

“ನಿನ್ನನ್ನ ನನಗಿಂತ ಬಲ್ಲವರು ಯಾರಿದಾರೆ? ನಾನೇ ಮಾಡ್ತೀನಿ. ಪಾಪ, ನಿನಗೋಸ್ಕರ.”

ಮಹಡಿಯ ಹುಡುಗಿಯೂ ಪರಊರಿನಿಂದ ಫೋನ್ ಮಾಡಿದಳು. “ಮಾವ, ಅಚ್ಚಾಯ್ತು! ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಶನಿವಾರ ಶಾಲೆಗೆ ಹೊಸ ಪುಸ್ತಕಗಳ ಕಟ್ಟು ಬರುತ್ತೆ. ನಿಮ್ಮದನ್ನೂ ಅಲ್ಲೇ ತರ್ತೀನಿ. ಮಕ್ಕಳ ಮುಂದೆ ಓದೋಣ.”

“ಮಕ್ಕಳ ಜೊತೆ ಒಂದಿಷ್ಟು ದೊಡ್ಡವರೂ ಬರ್ತಾರಮ್ಮ.”

“ಬರ್ಲಿ ಮಾವ. ದೊಡ್ಡವರಿಗೂ ಇಷ್ಟ ಆಗುತ್ತೆ.”

ಶನಿವಾರ ಶಾಲೆಯ ಗ್ರಂಥಾಲಯದ ಕೋಣೆ ತುಂಬಿ ತುಳುಕಿತು. ಹಿಂದೆ ಅಲ್ಲಿ ಬೀಗ ಹಾಕಿದ ಎತ್ತರದ ಬೀರುಗಳಿದ್ದವು. ಹೊಸ ಮುಖ್ಯೋಪಾಧ್ಯಾಯಿನಿ ಬಂದ ಮೇಲೆ ಬಾಗಿಲಿಲ್ಲದ, ಮಕ್ಕಳ ಕೈಗೆಟಕುವ ಗಿಡ್ಡ ಕಪಾಟುಗಳನ್ನು ಕೋಣೆಯ ನಡುವೆ ಹಾಕಿಸಿದ್ದರು. ಅವುಗಳ ಸುತ್ತ ನೆಲದ ಮೇಲೆ ಮಕ್ಕಳು, ಮನೆಮನೆಗಳಿಂದ ಹೊತ್ತು ತಂದ ಕುರ್ಚಿಗಳಲ್ಲಿ ದೊಡ್ಡವರು. ಮೊದಲ ಸಾಲಿನಲ್ಲಿ ಇಂಜಿನಿಯರ್ ಸಾಹೇಬರು ಕರವಸ್ತ್ರ ಹಿಂಡುತ್ತಿದ್ದರು. ಕ್ಷೌರದವನು ಬೆಳಿಗ್ಗೆಯೇ ಮಾವನ ಗಲ್ಲವನ್ನು ಎರಡು ಸಲ ಕೆರೆದಿದ್ದರಿಂದ ಅದು ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಮಾವನ ಹೆಂಡತಿ ಅಕ್ಕನನ್ನು ಕೈಹಿಡಿದು ಕರೆತಂದು, ತನಗಿಂತ ಒಂದು ಸಾಲು ಹಿಂದೆ ಕೂರಿಸಿದರು.

ಹುಡುಗಿ ಕಟ್ಟುಗಳ ಜೊತೆ ಗಾಡಿಯಿಂದ ಇಳಿದವಳೇ ಮಾವನನ್ನು ಹೊರಗಿನ ಪಡಸಾಲೆಗೆ ಎಳೆದುಕೊಂಡು ಹೋಗಿ, ಮೊದಲ ಪ್ರತಿಯನ್ನು ಕೈಗಿತ್ತಳು. ಅವಳ ಮುಖ ಅರಳಿತ್ತು.

ಅದು ತೆಳ್ಳಗೆ ಅಗಲವಾಗಿದ್ದ ಪುಸ್ತಕ. ಮುಖಪುಟದ ತುಂಬ ಒಬ್ಬ ದುಂಡು ಮನುಷ್ಯ ಓಡುತ್ತಿದ್ದ. ಕನ್ನಡಕ ಗಾಳಿಯಲ್ಲಿ, ಒಂದು ಚಪ್ಪಲಿ ಆಕಾಶದಲ್ಲಿ, ಚೀಲ ತಲೆಕೆಳಗು. ಹೊಟ್ಟೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲದಂತೆ ಮಾವನದೇ. ಅವನ ಹಿಂದೆ, ಅಂಗೈ ಮೇಲೆ ಕೂರಬಹುದಾದಷ್ಟು ಚಿಕ್ಕ ನಾಯಿಮರಿ. ಮೇಲೆ ದೊಡ್ಡ ಕೆಂಪಕ್ಷರ: ‘ಮೀಟರ್ ಮಾವನ ಹಿಂದೆ ಯಾರು?’

ಮಾವ ಪುಟ ತಿರುವಿದರು. ಮೂರು ಸಾಲು, ಒಂದು ಚಿತ್ರ. ಮತ್ತೆ ಮೂರು ಸಾಲು, ಒಂದು ಚಿತ್ರ. ಪುಸ್ತಕ ಮುಗಿಯಿತು.

“ಇದು ಮೊದಲನೇ ಸಂಪುಟಾನಾ ತಾಯಿ?”

“ಇಷ್ಟೇ ಮಾವ.”

“ಮತ್ತೆ ಮಿಕ್ಕಿದ್ದು?”

“ಮಿಕ್ಕಿದ್ದು ಏನು?”

“ನನ್ನ ಜೀವನ!”

ಹುಡುಗಿಯ ಮುಖ ಬಿಳುಪೇರಿತು. “ಮಾವ, ಪುಟ್ಟ ಮಕ್ಕಳಿಗೆ ತಮಾಷೆ ಚಿತ್ರದ ಪುಸ್ತಕ ಅಂತ ಪಂಪಿನ ಹತ್ರ ಹೇಳಿದ್ನಲ್ಲ! ನೀವು ನಗ್ತಾ ತಲೆ ಆಡಿಸಿದ್ರಿ. ನೀವು ನಾಯಿಮರಿ ನೋಡಿ ಕಾಂಪೌಂಡ್ ಗೋಡೆ ಹತ್ತಿದ್ದು ನನ್ನ ಕಿಟಕಿಯಿಂದ ಕಾಣಿಸ್ತು. ಆ ಮರಿ ನಿಮ್ಮ ಬಿದ್ದ ಕನ್ನಡಕದ ಡಬ್ಬಿ ವಾಪಸ್ ಕೊಡೋಕೆ ಬಂದಿತ್ತು ಮಾವ. ಅವತ್ತೇ ಈ ಕಥೆ ಹುಟ್ಟಿದ್ದು. ಬೇಡ ಅಂದ್ರೆ ಹೇಳಿ. ಈಗ್ಲೇ ಒಳಗೆ ಹೋಗಿ ನಿಲ್ಲಿಸ್ತೀನಿ.”

ಅವಳ ಕಣ್ಣು ತುಂಬಿಬಂತು. ಮಾವ ಬಾಯಿ ತೆರೆದರು. ಆದರೆ ಒಳಗಿನಿಂದ ಷಡ್ಡಕರ ಧ್ವನಿ ಆಗಲೇ ಕೇಳಿಸತೊಡಗಿತ್ತು.

“...ಬೀದಿದೀಪದ ಕೆಳಗೆ ಓದಿ ಮೇಲೆ ಬಂದ ಚೇತನ!” ಮಾವ ಹುಟ್ಟಿದ ಬೀದಿಯಲ್ಲಿ ದೀಪವೇ ಇರಲಿಲ್ಲ. “ಎದೆಗಾರಿಕೆ ಅಂದರೆ ಇವರದು! ಹುಲಿ ಎದುರಿಗೆ ಬಂದು ನಿಂತರೂ ಮೀಟರ್ ಓದಿಯೇ ಮುಂದಿನ ಹೆಜ್ಜೆ ಇಡುವ ಮನುಷ್ಯ ಇವರು!”

ಭಾಷಣ ಸಣ್ಣದಾಗಿರಲಿಲ್ಲ. ಆದರೆ ಎಷ್ಟೇ ಉದ್ದದ ಭಾಷಣವಾದರೂ ಬೇಡವಾದ ಹೊತ್ತಿಗೇ ಮುಗಿಯುತ್ತದೆ. ಮಾವ ಒಳಗೆ ಬಂದು ಕೂರುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಕಟ್ಟು ಬಿಚ್ಚಿ, ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದುಬಿಟ್ಟರು.

ಮಕ್ಕಳು ಹೋ ಎಂದು ನಕ್ಕರು. ದೊಡ್ಡವರು ಕತ್ತು ಉದ್ದ ಮಾಡಿದರು. ಪ್ರತಿಗಳು ಕೈಯಿಂದ ಕೈಗೆ ಹೋದವು. ಷಡ್ಡಕರು ಒಂದು ಪ್ರತಿಯನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದರು.

“ಜೀವನಚರಿತ್ರೆ ಎಲ್ಲಿದೆ ಇದರಲ್ಲಿ?” ಎಂದರು. ಆಮೇಲೆ ಮುಖಪುಟವನ್ನು ಮತ್ತೊಮ್ಮೆ ನೋಡಿದರು. ನಿಧಾನವಾಗಿ, ಬೆಳಗಾಗುವ ಹಾಗೆ, ಅವರ ಮುಖ ಬೆಳಗಿತು. “ಅಯ್ಯೋ, ನಾಯಿಮರಿ!” ಎಂದರು ಕೋಣೆಗೆಲ್ಲ ಕೇಳುವ ಹಾಗೆ.

ಮಾವನ ಹೆಂಡತಿ ಅಕ್ಕನ ಕಡೆ ತಿರುಗಲಿಲ್ಲ. ಅಕ್ಕನ ನಗು ಮಾತ್ರ ಹಿಂದಿನ ಸಾಲಿನಿಂದ ಅವರ ಕಿವಿಗೆ ಬಂದು ಮುಟ್ಟಿತು.

ಅಷ್ಟರಲ್ಲಿ ಕ್ಷೌರದವನು ಕೂಗಿದ: “ಏ! ನಾನಿದೀನಿ ಇಲ್ಲಿ! ಮೂರನೇ ಪುಟದಲ್ಲಿ, ನನ್ನ ಅಂಗಡಿ ಬಾಗಿಲಲ್ಲಿ! ಕತ್ತರಿ ಸಮೇತ ಬರೆದಿದಾರೆ!”

ಇಡೀ ಕೋಣೆಯಲ್ಲಿ ಹಾಳೆಗಳ ಸದ್ದೆದ್ದಿತು. ಎಲ್ಲರೂ ತಮ್ಮನ್ನು ತಾವು ಹುಡುಕತೊಡಗಿದರು. ಹುಡುಗಿ ಬೀದಿಯನ್ನೇ ಎತ್ತಿ ಪುಸ್ತಕದಲ್ಲಿಟ್ಟಿದ್ದಳು. ಓಡುವ ಮಾವನನ್ನು ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡು ನೋಡುತ್ತಿದ್ದ. ಮೇಷ್ಟ್ರು ಏಣಿಯ ಮೇಲೆ ಹತ್ತಿ ನಿಂತಿದ್ದರು. “ಏಣಿ ಬಂದಿದೆ,” ಎಂದರು ಮೇಷ್ಟ್ರು ಎದ್ದು ನಿಂತು. “ಇತಿಹಾಸ ಮರೆಯಲಿಲ್ಲ.” ಇಂಜಿನಿಯರ್ ಸಾಹೇಬರು ಒಂದೊಂದೇ ಪುಟ ತಿರುವುತ್ತ ಹೋಗಿ ಒಡೆದ ಪೈಪಿನ ಚಿತ್ರಕ್ಕೆ ಬಂದರು. ಅಲ್ಲಿ ಕಾಗೆಗಳು ಸಾಲಾಗಿ ಸೋಪು ಹಚ್ಚಿಕೊಂಡು ಮೀಯುತ್ತಿದ್ದವು. ಅವರು ಚಿತ್ರವನ್ನು ಮೂಲೆಮೂಲೆ ಹುಡುಕಿ, “ನನ್ನ ಹೆಸರಿಲ್ಲ!” ಎಂದು ಉಸಿರು ಬಿಟ್ಟರು. ಮರುಕ್ಷಣ, “ಹಾಗಾದ್ರೆ ರಿಪೇರಿ ಮಾಡಿಸಿದ್ದು ದಂಡವಾಯ್ತಲ್ಲ,” ಎಂದು ಪೆಚ್ಚಾದರು.

ಕೊನೆಯ ಪುಟದಲ್ಲಿ ಮಾವ ಗೋಡೆಯ ಮೇಲೆ ಕೂತಿದ್ದರು. ಅವರ ಪಕ್ಕದಲ್ಲೇ, ಅದೇ ಗೋಡೆಯ ಮೇಲೆ, ಕಾಲು ಇಳಿಬಿಟ್ಟುಕೊಂಡು ಹೆಂಡತಿ ಕೂತು ನಾಯಿಮರಿಯಿಂದ ಕನ್ನಡಕದ ಡಬ್ಬಿ ಈಸಿಕೊಳ್ಳುತ್ತಿದ್ದರು. ಆಕೆ ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿಂದೆ ತಿರುಗಿ, “ಅಕ್ಕ, ನೋಡು. ಪಕ್ಕದಲ್ಲೇ ಇದೀನಿ,” ಎಂದರು.

ಮುಖ್ಯೋಪಾಧ್ಯಾಯಿನಿ ಒಬ್ಬ ಹುಡುಗಿಯನ್ನು ಎಬ್ಬಿಸಿ ಓದಲು ಹೇಳಿದರು. ಅವಳು ಎರಡು ಜಡೆಯನ್ನೂ ಹಿಂದಕ್ಕೆ ಎಸೆದು, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು:

“ಮೀಟರ್ ಮಾವ ಬಂದರು. ಮುಚ್ಚಳ ಎತ್ತಿ ನೋಡಿದರು. ಅವರ ಹಿಂದೆ ಯಾರು?”

“ನಾಯಿಮರಿ!” ಎಂದು ಮಕ್ಕಳೆಲ್ಲ ಕೂಗಿದರು.

“ಮೀಟರ್ ಮಾವ ಓಡಿದರು. ಹೊಟ್ಟೆ ಮುಂದೆ ಓಡಿತು. ಅವರ ಹಿಂದೆ ಯಾರು?”

“ನಾಯಿಮರಿ!”

ಪುಸ್ತಕ ಮುಗಿಯುವ ಹೊತ್ತಿಗೆ ಕಿಟಕಿಯ ಗಾಜುಗಳು ಅದುರುತ್ತಿದ್ದವು. ಓದಿದ ಹುಡುಗಿ ನೇರವಾಗಿ ಮಾವನ ಕಡೆ ತಿರುಗಿ ಕೇಳಿದಳು: “ಮಾವ, ನೀವು ನಿಜವಾಗ್ಲೂ ಇಷ್ಟು ಸಣ್ಣ ನಾಯಿಮರಿಗೆ ಹೆದರ್ಕೊಂಡು ಗೋಡೆ ಹತ್ತಿದ್ರಾ?”



“ಹೇಳಯ್ಯಾ,” ಎಂದರು ಷಡ್ಡಕರು ಬಹಳ ಮೃದುವಾಗಿ. “ಮಗು ಕೇಳ್ತಿದೆ.”

ಮಾವ ಎದ್ದು ನಿಂತರು. ಬಾಗಿಲ ಹತ್ತಿರ ಚಿತ್ರದ ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು. ಮಾವ ಅವಳನ್ನು ನೋಡಿದರು, ಬಾಯಿ ತೆರೆದುಕೊಂಡು ಕಾಯುತ್ತಿದ್ದ ಮಕ್ಕಳನ್ನು ನೋಡಿದರು. ಅಂಗಿಯ ಕೆಳಗಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು.

“ಹತ್ತಿದ್ದು ನಿಜ,” ಎಂದರು. “ಆದ್ರೆ ಈ ಚಿತ್ರ ತಪ್ಪು. ಆ ನಾಯಿ ಇಷ್ಟು ಸಣ್ಣದಿರಲಿಲ್ಲ. ಇಷ್ಟಿತ್ತು.” ಕೈಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದರು.

“ಇಲ್ಲ! ಸಣ್ಣದು!” ಎಂದು ಮಕ್ಕಳು ಕೂಗಿದರು.

“ನೋಡಿದೋನು ನಾನಾ ನೀವಾ? ಇಷ್ಟಿತ್ತು!” ಕೈ ಸೊಂಟಕ್ಕೆ ಬಂತು.

“ಸಣ್ಣದು! ಸಣ್ಣದು!”

“ಇಷ್ಟು!” ಕೈ ಹೆಗಲಿಗೇರಿತು. “ಒಂದೊಂದು ಹಲ್ಲೂ ಮೀಟರ್ ಗುಂಡಿ ಮುಚ್ಚಳದಷ್ಟು!”

“ಆನೆಯಷ್ಟಿತ್ತಾ ಮಾವ?” ಎಂದ ಒಬ್ಬ ಗುಂಗುರು ಕೂದಲಿನವನು.

ಮಾವ ಯೋಚಿಸಿದರು. “ಆನೆಗಿಂತ ಒಂಚೂರು ಕಮ್ಮಿ. ಸುಳ್ಳು ಹೇಳಬಾರದು.”

ನಗು ಛಾವಣಿ ಮುಟ್ಟಿತು. “ಹೇಗೆ ಓಡಿದ್ರಿ ಮಾವ? ಓಡಿ ತೋರ್ಸಿ!” ಎಂದು ಬೇಡಿಕೆ ಬಂತು. ಎಲ್ಲಿಂದಲೋ ಒಂದು “ಬೌ” ಕೇಳಿಸಿತು. ಇನ್ನೊಂದು ಬೌ. ಆಮೇಲೆ ಇಡೀ ಶಾಲೆ ಬೊಗಳತೊಡಗಿತು. ಮಾವ ಚೀಲವನ್ನು ತಲೆಕೆಳಗು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, “ಅಯ್ಯಯ್ಯಪ್ಪೋ!” ಎಂದು ಕಪಾಟುಗಳ ಸುತ್ತ ಓಟ ಕಿತ್ತರು. ಹಿಂದೆ ಬೊಗಳುವ ಮಕ್ಕಳ ಸೈನ್ಯ. ದಪ್ಪ ಕಾದಂಬರಿಗಳ ಕಪಾಟಿನ ಬಳಿ, ಚಿಕ್ಕವರ ಆಟ ನಮಗೆ ಸಲ್ಲದು ಎಂದು ಗಂಭೀರವಾಗಿ ನಿಂತಿದ್ದ ಹತ್ತನೇ ತರಗತಿಯವರು ಒಂದು ಸುತ್ತು ತಡೆದುಕೊಂಡರು. ಎರಡನೇ ಸುತ್ತಿಗೆ ಎಲ್ಲರಿಗಿಂತ ಜೋರಾಗಿ ಬೊಗಳಿದವರು ಅವರೇ.

ಮೂರನೇ ಸುತ್ತಿನಲ್ಲಿ ಮಾವ ಚಾಕಚಕ್ಯತೆಯಿಂದ ಎಡಕ್ಕೆ ತಿರುಗಿದರು. ಮಕ್ಕಳಿಗೆ ತಿರುಗಲಾಗಲಿಲ್ಲ. ಎದುರಿಗೆ ಭಾಷಣದ ಹಾಳೆಗಳನ್ನು ಮಡಚುತ್ತ ಷಡ್ಡಕರು ನಿಂತಿದ್ದರು. ನೂರಾರು ಬಾಯಿಗಳು ಒಟ್ಟಿಗೆ ಬೊಗಳುತ್ತ ತಮ್ಮತ್ತ ನುಗ್ಗಿದಾಗ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಅವರೂ ಮಾಡಿದರು. ಹಾಳೆಗಳು ಗಾಳಿಗೆ ಹಾರಿದವು. ಬ್ಯಾಂಕಿನ ಮ್ಯಾನೇಜರು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲೆ, ಎರಡೂ ಕಾಲು ಜೋಡಿಸಿಕೊಂಡು, “ಕಟ್ಟಿಹಾಕ್ರೋ! ಯಾರಾದ್ರೂ ಕಟ್ಟಿಹಾಕ್ರೋ!” ಎಂದು ಕೂಗುತ್ತ ನಿಂತಿದ್ದರು.

ಚಿತ್ರದ ಹುಡುಗಿ ಆಗಲೇ ಹಾಳೆ ತೆಗೆದು ಗೀಚುತ್ತಿದ್ದಳು. ಅತ್ತಿಗೆ ಅವಳ ಹತ್ತಿರ ಸರಿದು ಮೆಲ್ಲಗೆ ಕೇಳಿದರು: “ಎರಡನೇ ಭಾಗ ಇದೆಯೇನಮ್ಮಾ? ಅದರಲ್ಲಿ ನಮ್ಮೋರು ಬರ್ತಾರಾ? ಬಂದ್ರೆ ಮುಖ ಸ್ವಲ್ಪ ಬೆಳ್ಳಗೆ ಮಾಡು.”

ಆಮೇಲೆ ಪುಸ್ತಕ ಕಟ್ಟುಕಟ್ಟಾಗಿ ಊರೂರಿನ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಹೋಯಿತು. ಮಾವ ಹಿಂದೆಂದೂ ಕಾಲಿಡದ ಬೀದಿಗಳಲ್ಲೂ ಮಕ್ಕಳು ಗೇಟಿಗೆ ಜೋತುಬಿದ್ದು, “ಅಮ್ಮಾ, ಪುಸ್ತಕದ ಮಾವ ಹೊರಗೆ ಬಂದಿದಾರೆ!” ಎಂದು ಕೂಗತೊಡಗಿದರು. ಮಾವ ಪ್ರತಿ ಗೇಟಿನಲ್ಲೂ ಹೊಟ್ಟೆ ಸ್ವಲ್ಪ ಮುಂದೆ ತಂದು ನಿಲ್ಲುತ್ತಿದ್ದರು. ಚಿತ್ರಕ್ಕೂ ತಮಗೂ ತಾಳೆಯಾಗದಿದ್ದರೆ ಮಕ್ಕಳಿಗೆ ಬೇಸರವಾದೀತು ಎಂಬ ಕಾಳಜಿ. ಷಡ್ಡಕರು ತಮ್ಮ ಬ್ಯಾಂಕಿಗೆ ಬರುವವರಿಗೆಲ್ಲ “ಅವನು ನನ್ನ ಷಡ್ಡಕ” ಎಂದು ಹೇಳಿಕೊಳ್ಳುತ್ತಿದ್ದಾರೆಂದು ತಿಳಿದಾಗ ಮಾವ, “ಹೇಳ್ಕೊಳ್ಲಿ ಬಿಡು, ಪಾಪ,” ಎಂದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಮಾವ ಊರಿನ ಸಾರ್ವಜನಿಕ ಗ್ರಂಥಾಲಯದ ಮೀಟರ್ ಓದಲು ಹೋದರು. ಕೆಲಸ ಮುಗಿಸಿ, ತಮ್ಮ ಪುಸ್ತಕ ಯಾವ ಜಾಗದಲ್ಲಿ ಇಟ್ಟಿದ್ದಾರೆ ಎಂದು ನೋಡೋಣವೆಂದು ಮಕ್ಕಳ ವಿಭಾಗಕ್ಕೆ ಹೊಕ್ಕರು. ಕಪಾಟಿನಲ್ಲಿ ಇರಲಿಲ್ಲ. ಗ್ರಂಥಪಾಲಕಿಯ ಮೇಜಿನ ಮೇಲಿತ್ತು. ಬೆನ್ನು ಕಳಚಿತ್ತು, ಮೂಲೆಗಳು ನಾಯಿ ಕಿವಿಯ ಹಾಗೆ ಮಡಚಿದ್ದವು, ಓಡುವ ಮಾವ ನಡುವಿಗೆ ಹರಿದು ಎರಡಾಗಿದ್ದರು. ಆಕೆ ಗೋಂದು ಹಚ್ಚುತ್ತಿದ್ದರು.

ಮಾವನ ಜೀವ ಚುರ್ ಎಂದಿತು. “ಇದೇನಮ್ಮಾ ಅನ್ಯಾಯ! ಹೊಸ ಪುಸ್ತಕ! ನೋಡಿ, ಅಕ್ಕಪಕ್ಕದ ಪುಸ್ತಕ ಎಲ್ಲ ಹೇಗೆ ಗರಿಗರಿಯಾಗಿವೆ. ನನ್ನದನ್ನ ಮಾತ್ರ ಈ ಗತಿ ಮಾಡಿದಾರಲ್ಲ!”

ಗ್ರಂಥಪಾಲಕಿ ಕನ್ನಡಕದ ಮೇಲಿಂದ ನೋಡಿದರು. ಹೊಟ್ಟೆಯಿಂದಲೇ ಗುರುತು ಹಿಡಿದರು. “ಓ, ನೀವೇನಾ? ಆ ಗರಿಗರಿಯಾಗಿರೋವನ್ನ ಯಾರೂ ಕೇಳಲ್ಲ ಮಾವ. ಇದು ಕಪಾಟಿಗೆ ಹೋಗೋದೇ ಇಲ್ಲ. ಕೈಯಿಂದ ಕೈಗೆ ಹೋಗ್ತಾ ಇರುತ್ತೆ. ಇನ್ನೂ ನಾಲ್ಕು ಪ್ರತಿ ಕಳಿಸಿ ಅಂತ ಬರೆದಿದೀನಿ. ಅಲ್ಲಿ ನೋಡಿ.”

ಬೆಂಚಿನ ಮೇಲೆ ಒಬ್ಬಳು ಪುಟ್ಟ ಹುಡುಗಿ, ಕಾಲು ನೆಲಕ್ಕೆಟಕದೆ ಆಡಿಸುತ್ತ, ಗೋಂದು ಒಣಗುವುದನ್ನೇ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

ಮಾವ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಎರಡು ಅರ್ಧಗಳನ್ನೂ ಜೋಡಿಸಿ, ಗೋಂದು ಕಚ್ಚುವವರೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಕಚೇರಿಗೆ ಹೊತ್ತಾಗುತ್ತಿತ್ತು. ಆಗಲಿ ಎಂದುಕೊಂಡರು. ಒಣಗಿದ ಮೇಲೆ ಪುಸ್ತಕವನ್ನು ತಾವೇ ಎದ್ದು ಹೋಗಿ ಹುಡುಗಿಯ ಮಡಿಲಿಗೆ ಇಟ್ಟರು.

“ನೋಡು ಪುಟ್ಟಿ, ಮೆಲ್ಲಗೆ ತಿರುವಬೇಕು,” ಎಂದರು. ಅವಳು ಹೂಂ ಎಂದು ಮೊದಲ ಪುಟಕ್ಕೆ ಬೆರಳು ಹಾಕಿ, ಹರಿದೀತೆಂದು ಹೆದರಿ, ಹಾಗೇ ಹಿಡಿದು ಕೂತಳು.

ಮಾವ ಒಂದು ಗಳಿಗೆ ನೋಡಿದರು.

“ಬೇಡ ಬೇಡ,” ಎಂದರು. “ನಿನಗೆ ಹೇಗೆ ಬೇಕೋ ಹಾಗೆ ಓದು. ಹರಿದ್ರೆ ಹರೀಲಿ.”